ನಾನು ಎತ್ತಿಕೊಡದ ಮಾತು

ದೆವ್ವ, ಅಶರೀರವಾಣಿ ಇವೆಲ್ಲ ಕೆಲಸವಿಲ್ಲದವರ ಕಟ್ಟುಕತೆ ಎಂದೇ ನಾನು ನಂಬಿದ್ದವನು. ನಾನೂ ಅಂಥ ಕತೆಗಳನ್ನೇ ಬರೆಯುತ್ತಿದ್ದೆ ಎನ್ನುವುದು ಬೇರೆ ವಿಷಯ. ಯಾರೂ ಅಚ್ಚು ಹಾಕಲಿಲ್ಲ. ಐಮಂಗಲದ ಶಾಲೆಯಲ್ಲಿ ನನ್ನ ಜೊತೆ ಓದಿದ ರುದ್ರಪ್ಪನ ದೆವ್ವದ ಕತೆಗಳು ಮಾತ್ರ ತಿಂಗಳು ತಿಂಗಳೂ ಪತ್ರಿಕೆಯಲ್ಲಿ ಬಂದವು. ಆಮೇಲೆ ನಾಟಕವೂ ಆದವು. ಹೊಟ್ಟೆ ಉರಿಯಿತೇ ಎಂದು ಕೇಳುತ್ತೀರೇನೋ. ಉರಿಯಿತು, ಧಾರಾಳವಾಗಿ ಉರಿಯಿತು. ಸಾಲದ್ದಕ್ಕೆ, ಹೊಟ್ಟೆಪಾಡಿಗೆಂದು ನಾನು ಸೇರಿದ ನಾಟಕದ ಕಂಪನಿಯೇ ಅವನ ನಾಟಕ ಹಿಡಿಯಿತು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕುಳಿತು, ಮರೆತ ನಟರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸ. ಅಂದರೆ ರುದ್ರಪ್ಪನ ಮಾತುಗಳನ್ನು ದಿನಾ ನನ್ನ ಬಾಯಿಂದಲೇ ಆಡಬೇಕು.

ಹೊಳಲ್ಕೆರೆಯಲ್ಲಿ ಕ್ಯಾಂಪು ಇದ್ದಾಗ ಬೆಂಗಳೂರಿನಿಂದ ಗ್ರಾಮಫೋನಿನ ಏಜೆಂಟರೊಬ್ಬರು ಬಂದರು. ಮಧ್ಯಾಹ್ನದ ತಾಲೀಮು ನೋಡಿ, ಮೆಚ್ಚಿಗೆಯಾದರೆ ಒಂದು ದೃಶ್ಯವನ್ನು ಪ್ಲೇಟಿಗೆ ತುಂಬಿಸುವುದೆಂದು ಮಾತಾಗಿತ್ತು. ಇನ್ನು ಪ್ಲೇಟಿನ ಮೇಲೂ ರುದ್ರಪ್ಪನ ಹೆಸರೇ ಎಂದು ನನಗೆ ಅಂದು ಊಟ ಸೇರಲಿಲ್ಲ. ಸತ್ತ ಹೆಂಡತಿ ಹೊಸ್ತಿಲಲ್ಲಿ ಬಂದು ನಿಲ್ಲುವ ಜಾಗದಲ್ಲಿ, ಗಂಡನ ಪಾತ್ರದ ಚನ್ನಬಸಪ್ಪ ಯಾವಾಗಲೂ ಮಾತು ಮರೆಯುತ್ತಿದ್ದ. ಇವತ್ತು ಎತ್ತಿಕೊಡುವುದಿಲ್ಲ ಎಂದು ನಿಶ್ಚಯಿಸಿದೆ. ಆಮೇಲೆ ಯಾರಾದರೂ ಬೈದರೆ ನೆಪವಿರಲಿ ಎಂದು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡೆ.

ಆ ಜಾಗ ಬಂತು. ಚನ್ನಬಸಪ್ಪ ಮರೆತು ನನ್ನ ಕಡೆ ನೋಡಿದ. ನಾನು ಪುಸ್ತಕ ಮುಚ್ಚಿದೆ. ಆಗ ನನ್ನ ಕಿವಿಯ ಪಕ್ಕದಲ್ಲೇ ನನ್ನ ದನಿ ಸ್ಪಷ್ಟವಾಗಿ ಕೇಳಿಸಿತು: "ಬಂದೆಯಾ? ಮಗು ಇನ್ನೂ ಮಲಗಿಲ್ಲ."

ಚನ್ನಬಸಪ್ಪ ಅದನ್ನೇ ಆಡಿದ. ನಾನು ತಿರುಗಿ ನೋಡಿದರೆ ಹಿಂದೆ ಬರಿಯ ಗೋಡೆ. ಪುಸ್ತಕದಲ್ಲಿದ್ದದ್ದು "ಯಾರು ನೀನು, ತೊಲಗು" ಎಂದು. ಏಜೆಂಟರು ಕಣ್ಣೊರೆಸಿಕೊಳ್ಳುತ್ತಿದ್ದರು.

ಏಜೆಂಟರ ಪಕ್ಕದಲ್ಲಿ ಕುಳಿತು ತಾಲೀಮು ನೋಡುತ್ತಿದ್ದ ರುದ್ರಪ್ಪ ಒಳಗೆ ಓಡಿಬಂದ. "ಲೇ, ಎಂಥಾ ಮಾತು ಎತ್ತಿಕೊಟ್ಟೆ. ನಂಗೇ ಹೊಳ್ದಿರ್ಲಿಲ್ಲ. ಏಜೆಂಟ್ರ ಹತ್ರ ಹೋಗಾಣ ಬಾ, ನಿನ್ನ ಹೆಸ್ರೇ ಹೇಳ್ತೀನಿ."

ಬಾಯಲ್ಲಿದ್ದದ್ದನ್ನು ಉಗಿದು, "ನಂದಲ್ಲ" ಎಂದೆ.

"ನಿಮ್ದೇ ದನಿ ಕೇಳಿಸ್ತಲ್ರೀ," ಎಂದ ಚನ್ನಬಸಪ್ಪ.

"ನಂದಲ್ಲ ಅಂದ್ನಲ್ಲ."

ಹೂಂ ಎಂದುಬಿಟ್ಟಿದ್ದರೆ ನನ್ನ ಹೆಸರೂ ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತು. ಆ ಗಾಬರಿಯಲ್ಲಿ ಸುಳ್ಳು ಬಾಯಿಗೆ ಬರಲಿಲ್ಲ, ಅಷ್ಟೆ. ಪ್ಲೇಟು ರುದ್ರಪ್ಪನ ಹೆಸರಿನಲ್ಲಿ ಬಂತು. ಹಿರಿಯೂರಿನ ಕೊಬ್ಬರಿ ಸಾಹುಕಾರರ ಮನೆಯಲ್ಲಿ ಅದನ್ನು ಹಾಕಿದಾಗ, ಆ ಒಂದು ಮಾತಿಗೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತದ್ದನ್ನು ನಾನೇ ಕಂಡೆ. ಅಲ್ಲಿ ನಿಲ್ಲಲಾರದೆ ಎದ್ದು ಬಂದೆ.

ಆಮೇಲೆ ಎಷ್ಟೋ ಬರೆದೆ. ಅಂಥ ಮಾತು ಒಂದೂ ಹೊಳೆಯಲಿಲ್ಲ. ಆ ದನಿ ಇನ್ನೊಮ್ಮೆ ಬಂದೀತೇ ಎಂದು ನಾಚಿಕೆಯಿಲ್ಲದೆ ಕಾದೂ ಕುಳಿತೆ, ಬರಲಿಲ್ಲ. ಅದು ಏನೆಂದು ಇವತ್ತಿಗೂ ನನಗೆ ತಿಳಿಯದು. ರುದ್ರಪ್ಪನ ಮೇಲಿದ್ದ ಹೊಟ್ಟೆಕಿಚ್ಚು ಎಂದೋ ಆರಿತು. ಅಂದು ನನ್ನ ದನಿಯಲ್ಲಿ ಮಾತಾಡಿದವರು ಯಾರೋ, ಅವರ ಮೇಲಿನದು ಇನ್ನೂ ಆರಿಲ್ಲ.