ನಾನು ಕೊಡುತ್ತಿದ್ದ ಸ್ವರ

ನಮ್ಮ ಚಿಕ್ಕೋಡಿ ಚರ್ಚಿನ ಯೂತ್ ಕ್ವಾಯರ್‌ಗೆ ಒಂದು ರೂಲ್ ಇತ್ತು. ಯಾವ ಕೀರ್ತನೆಯೇ ಇರಲಿ, ಮೊದಲ ಚರಣ ಬರೀ ದನಿಯಲ್ಲಿ. ಎರಡನೆಯ ಚರಣಕ್ಕೆ ಕೀಬೋರ್ಡು ಬಂದು ಕೂಡಬೇಕು. ಹಾಡು ಶುರುವಾಗುವ ಮೊದಲು ನಾನು ಎಡತುದಿಯಲ್ಲಿ ನಿಂತು, ಬಾಯಿ ಮುಚ್ಚಿಕೊಂಡೇ ಒಂದು ಸ್ವರ ಗುನುಗುತ್ತಿದ್ದೆ. ಅದನ್ನು ಹಿಡಿದು ಹದಿನಾಲ್ಕು ಮಕ್ಕಳು ಎತ್ತಿಕೊಳ್ಳುತ್ತಿದ್ದರು. ಅವರು ಒಂದಿಡೀ ಚರಣವನ್ನು ಯಾವ ವಾದ್ಯದ ಆಸರೆಯೂ ಇಲ್ಲದೆ ಹಾಡಿ ಮುಗಿಸಿದ ಮೇಲೆ ಕೀಬೋರ್ಡು ಬಂದು ಕೂತರೆ ಎಳ್ಳಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಸಭೆಯಲ್ಲಿ ಯಾರಾದರೂ ತಲೆಯೆತ್ತಿ ನೋಡಿಯೇ ನೋಡುತ್ತಿದ್ದರು. ಆ ರೂಲ್ ಮಾಡಿದವಳು ನಾನೇ. ಆ ತಲೆ ಏಳುವುದನ್ನು ನೋಡಲು ನನಗೆ ಬಹಳ ಇಷ್ಟವಿತ್ತು ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಕಿವಿ ಹುಟ್ಟಿನಿಂದಲೇ ಹಾಗೆ. ಯಾವ ಸದ್ದು ಕೇಳಿದರೂ ಅದು ಯಾವ ಸ್ವರ ಎಂದು ಥಟ್ಟನೆ ಹೇಳಬಲ್ಲೆ. ಕುಕ್ಕರಿನ ಸೀಟಿ, ಬಸ್ಸಿನ ಹಾರ್ನು, ಗಿರಣಿಯ ಮೋಟಾರು, ಎಲ್ಲಕ್ಕೂ ನನ್ನ ತಲೆಯೊಳಗೆ ಒಂದೊಂದು ಇಂಗ್ಲಿಷ್ ಅಕ್ಷರ ಅಂಟಿಕೊಂಡಿರುತ್ತದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಪಿಯಾನೋ ಕಲಿಸಿದ ಸಿಸ್ಟರ್ ಇದಕ್ಕೆ ‘ಗಿಫ್ಟ್’ ಎನ್ನುತ್ತಿದ್ದರು. ಗಿಫ್ಟ್ ಎಂದರೆ ಕೊಟ್ಟವರು ವಾಪಸ್ ಕೇಳುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ.

ಪ್ರತಿವರ್ಷ ಮೇ ತಿಂಗಳಲ್ಲಿ ಕ್ವಾಯರ್ ಪ್ರವಾಸ ಹೊರಡುತ್ತದೆ. ಎರಡು ಕ್ರೂಸರ್ ಗಾಡಿ, ಒಂದು ಕೀಬೋರ್ಡು, ಎರಡು ಕ್ಯಾನ್ ನೀರು. ಆ ವರ್ಷ ಗುರುವಾರ ನಿಪ್ಪಾಣಿ, ಶುಕ್ರವಾರ ರಾಯಬಾಗ, ಶನಿವಾರ ಅಥಣಿ, ಭಾನುವಾರ ಕಾಗವಾಡ. ಕಾಗವಾಡದ್ದು ಸ್ವಲ್ಪ ಸ್ಪೆಷಲ್. ಅಲ್ಲಿನ ಚರ್ಚಿಗೆ ಹೊಸ ಛಾವಣಿ ಹಾಕಿಸಿದ್ದರು. ಗಡಿಯಾಚೆಯ ಒಂದು ಮರಾಠಿ ಕ್ವಾಯರ್ ಕೂಡ ಬರುವುದಿತ್ತು. ಕೊನೆಯ ಕೀರ್ತನೆಯನ್ನು ಅವರು ಮರಾಠಿಯಲ್ಲಿ, ನಾವು ಕನ್ನಡದಲ್ಲಿ, ಒಂದೇ ರಾಗಕ್ಕೆ ಒಟ್ಟಿಗೆ ಹಾಡಬೇಕು. ಅವರಿಗೂ ಸ್ವರ ಕೊಡುವವಳು ನಾನೇ ಎಂದು ಮೊದಲೇ ನಿಶ್ಚಯವಾಗಿತ್ತು. ನನಗೆ ಎಪ್ಪತ್ತಮೂರು. ಟೂರಿಗೆ ಹೋಗುವುದು ಬೇಡವೆಂದು ಮನೆಯವರು ಹೇಳಿದ್ದರು. ‘ನಾನಿಲ್ಲದಿದ್ದರೆ ಸ್ವರ ಯಾರು ಕೊಡ್ತಾರೆ?’ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ್ದೆ.

ನಿಪ್ಪಾಣಿಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಕಿಟಕಿಯಿಂದ ತಂಬಾಕಿನ ಘಾಟು ಬಂದು, ಮೇಲುದನಿಯ ಸೊಪ್ರಾನೊ ಹುಡುಗಿಯರು ಸೀನಿದ್ದು ಬಿಟ್ಟರೆ ತೊಂದರೆಯೇನೂ ಆಗಲಿಲ್ಲ. ನಮ್ಮ ಕ್ವಾಯರಿನ ಲೀಡರ್ ಒಂದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಟೆನರ್, ಅಂದರೆ ಗಂಡಸರ ಮೇಲುದನಿ, ಹಾಡುವವನು. ಅವತ್ತು ಚಹಾ ಕುಡಿಯುತ್ತ ಅವನು ಕಾಲರ್ ಏರಿಸಿಕೊಂಡ.

“ಮಿಸ್, ನಂದು ಹೈ ನೋಟ್ ಕೇಳಿದ್ರೇನ್ರಿ? ನೀರ ಕುಡದಂಗ ಬರ್ತೈತಿ ಈಗ. ಮುಂಜಾನೆದ್ದು ಪ್ರ್ಯಾಕ್ಟೀಸ್ ಮಾಡಿದ್ದು ಎಲ್ಲೂ ಹೋಗೂದಿಲ್ಲ ನೋಡ್ರಿ.”

ಬೇಸ್ ಹಾಡುವ ಅವನ ಗೆಳೆಯ ಸುಮ್ಮನಿರಲಿಲ್ಲ. “ನಿನಗೇನಪಾ, ಮ್ಯಾಲಿನ ಮನಿ. ನಮ್ಮ ಗತಿ ಕೇಳ. ಕೆಳಗಿನ ಸ್ವರ ಹಾಡಬೇಕಂದ್ರ ಬಾವಿಗೆ ಇಳದಂಗ ಆಗಾಕತ್ತೈತಿ.”

“ಗುಟ್ಕಾ ಬಿಡು, ಬರ್ತೈತಿ,” ಎಂದೆ ನಾನು. ಎಲ್ಲರೂ ನಕ್ಕರು.

ರಾಯಬಾಗಕ್ಕೆ ಬಂದು ಇಳಿದಾಗ ಕೀಬೋರ್ಡಿನ ಅಡಾಪ್ಟರ್ ನಿಪ್ಪಾಣಿಯ ಪಾಸ್ಟರ್ ಮನೆಯಲ್ಲೇ ಉಳಿದಿದೆ ಎಂದು ಗೊತ್ತಾಯಿತು. ಮರುದಿನ ಬಸ್ಸಿನಲ್ಲಿ ಅಥಣಿಗೆ ಕಳಿಸುತ್ತೇವೆ ಎಂದರು. ಆ ಸಂಜೆಗೆ ಚರ್ಚಿನ ಮೂಲೆಯಲ್ಲಿದ್ದ, ಕಾಲಲ್ಲಿ ತುಳಿದು ನುಡಿಸುವ ಹಳೆಯ ಹಾರ್ಮೋನಿಯಂ ಗತಿಯಾಯಿತು. ಎದುರು ಮನೆಯ ಜೈನ ವ್ಯಾಪಾರಿಗಳು ತಮ್ಮ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚೆಯೇ ನಮ್ಮನ್ನೆಲ್ಲ ಕೂಡಿಸಿ ಪೂರಿ, ಮಾವಿನ ಶೀಕರಣಿ ಬಡಿಸಿದ್ದರು. ತುಂಬಿದ ಹೊಟ್ಟೆಯಲ್ಲಿ ಮಕ್ಕಳು ನಿಧಾನವಾಗಿ ಹಾಡಿದರು. ಮೊದಲ ಚರಣ ಮುಗಿಯಿತು, ಹಾರ್ಮೋನಿಯಂ ಬಂದು ಕೂಡಿತು. ಎಂದಿನಂತೆ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಆದರೆ ನನ್ನ ಕಣ್ಣು ನುಡಿಸುವವಳ ಬೆರಳುಗಳ ಮೇಲೆ ಹೋಯಿತು. ನಮ್ಮ ಕೀಬೋರ್ಡ್ ಹುಡುಗಿ ನರ್ಸಿಂಗ್ ಓದುತ್ತಾಳೆ. ನಾನೇ ಕಲಿಸಿದವಳು. ಆ ಕೀರ್ತನೆ ಜಿ ಸ್ಕೇಲಿನದು, ಅದಕ್ಕೆ ಒಂದೇ ಒಂದು ಕರಿ ಕೀ ಸಾಕು. ಅವಳ ಬೆರಳುಗಳು ಒಂದಾದ ಮೇಲೊಂದು ಕರಿ ಕೀಗಳ ಮೇಲೇ ಓಡಾಡುತ್ತಿದ್ದವು. ಹಣೆಯ ಮೇಲೆ ಬೆವರಿತ್ತು.

ಮುಗಿದ ಮೇಲೆ ಕೇಳಿದೆ: “ಯಾಕ, ಅರ್ಧ ಸ್ವರ ಕೆಳಗ ನುಡಿಸಿದಿ?”

ಅವಳು ಹಾರ್ಮೋನಿಯಂ ಮುಚ್ಚಳ ಒರೆಸುತ್ತ ನಿಂತಳು. “ಪೆಟ್ಟಿಗಿ ಹಳೇದಾಗೇತ್ರಿ ಮಿಸ್. ಸ್ವಲ್ಪ ಏರೈತ್ರಿ.”

“ಹೌದು, ನನಗೂ ಹಂಗ ಅನಿಸ್ತು,” ಎಂದೆ. ಸುಳ್ಳಲ್ಲ. ಆರಾಧನೆಗೆ ಮೊದಲು ಯಾರೋ ಅದರ ಮೇಲೆ ಕೈಯಾಡಿಸಿದಾಗ ಎಲ್ಲ ಸ್ವರಗಳೂ ಮೇಲಿರುವಂತೆ ನನಗೆ ನಿಜವಾಗಿಯೂ ಕೇಳಿಸಿತ್ತು. ಅಲ್ಲಿನ ಪಾಸ್ಟರಿಗೆ ಅದನ್ನು ರಿಪೇರಿಗೆ ಕೊಡಿ ಎಂದು ಸಲಹೆಯನ್ನೂ ಕೊಟ್ಟು ಬಂದೆ. ಆ ಸಲಹೆ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಶನಿವಾರ ಹಾರೂಗೇರಿಯಲ್ಲಿ ಉಪ್ಪಿಟ್ಟು ತಿಂದು, ಕೃಷ್ಣೆಯನ್ನು ದಾಟಿ ಅಥಣಿಗೆ ಬಂದೆವು. ನಾನು ಹತ್ತು ವರ್ಷದವಳಾಗುವವರೆಗೆ ಬೆಳೆದದ್ದು ಅಲ್ಲೇ. ಅಪ್ಪ ಕಂಪೌಂಡರ್ ಆಗಿದ್ದರು, ಮನೆ ಚರ್ಚಿಗೆ ಅಂಟಿಕೊಂಡೇ ಇತ್ತು. ಕಾನ್ವೆಂಟಿಗೆ ಸೇರಿದ ಮೊದಲ ವಾರ ಸಿಸ್ಟರ್ ಪಿಯಾನೋದ ಒಂದು ಕೀ ಒತ್ತಿದಾಗ ನಾನು, ‘ಇದು ನಮ್ಮೂರ ಚರ್ಚಿನ ಗಂಟೆ’ ಎಂದಿದ್ದೆ. ಅದರ ಹೆಸರು ಎ ಫ್ಲ್ಯಾಟ್ ಎಂದು ಅವರು ಹೇಳಿಕೊಟ್ಟರು. ನಾನು ಕಲಿತ ಮೊದಲ ಸ್ವರ ಅದೇ, ಉಳಿದವೆಲ್ಲ ಅದರ ಆಚೆ ಈಚೆ.

ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಬಾರಿಸಿದರು. ನಾನು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಅದು ಎ ಫ್ಲ್ಯಾಟ್ ಆಗಿರಲಿಲ್ಲ. ಎ ಆಗಿತ್ತು. ಬಿಳಿ ಕೀಗೂ ಅದರ ಪಕ್ಕದ ಕರಿ ಕೀಗೂ ಎಷ್ಟು ಅಂತರವೋ ಅಷ್ಟು, ಅರ್ಧ ಸ್ವರ, ಮೇಲೆ.

ಗಂಟೆ ಬದಲಾಗಿದೆಯೇ ಎಂದು ಬಾರಿಸಿದವರನ್ನು ಕೇಳಿದೆ. “ಇಲ್ರಿ ಅಮ್ಮಾರ, ಅದ ಹಳೇದ ಐತ್ರಿ, ನಮ್ಮಜ್ಜನ ಕಾಲದ್ದು,” ಎಂದರು.

ಹಾರ್ಮೋನಿಯಂ ಏರಬಹುದು, ಇಳಿಯಬಹುದು. ಕೀಬೋರ್ಡಿನ ಬಟನ್ ಯಾರಾದರೂ ಒತ್ತಿರಬಹುದು. ಎರಕ ಹೊಯ್ದ ಕಂಚು ಅರ್ಧ ಸ್ವರ ಏರುವುದಿಲ್ಲ. ನನಗೆ ಕಿವಿಯ ಚಿಂತೆಯಲ್ಲ, ತಲೆಯ ಚಿಂತೆ. ನನ್ನ ತಾಯಿ ಕೊನೆಕೊನೆಗೆ ನಮ್ಮ ಯಾರ ಹೆಸರೂ ಹೇಳದಂತಾಗಿದ್ದಳು. ಅದು ಶುರುವಾದದ್ದೂ ಇಂಥ ಸಣ್ಣದರಿಂದಲೇ: ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತಿಳಿಯದೆ, ಡಬ್ಬಿಯನ್ನು ಯಾರೋ ಸರಿಸಿದ್ದಾರೆಂದು ಜಗಳ ಮಾಡುವುದರಿಂದ. ನಾನು ನಿನ್ನೆ ಹಾರ್ಮೋನಿಯಂ ಜೊತೆ ಅದೇ ಜಗಳ ಮಾಡಿ ಬಂದಿದ್ದೆ.

ಊಟ ಸೇರಲಿಲ್ಲ. ಹುಡುಗಿ ಚರ್ಚಿನೊಳಗೆ ಕೀಬೋರ್ಡು ಜೋಡಿಸುತ್ತಿದ್ದಳು, ಅಡಾಪ್ಟರ್ ಬಂದಿತ್ತು. ಹತ್ತಿರ ಹೋಗಿ ನಿಂತೆ.

“ನಿನ್ನೆ ಪೆಟ್ಟಿಗಿ ಏರಿತ್ತೇನು? ಖರೆ ಹೇಳು.”

ಅವಳು ಸ್ವಿಚ್ ಹಾಕಿ, ಒಂದು ಬಟನ್ ಒತ್ತಿ, ಕೀಬೋರ್ಡಿನ ಪುಟ್ಟ ಸ್ಕ್ರೀನು ನನಗೆ ಕಾಣುವಂತೆ ಸರಿದು ನಿಂತಳು. ಟ್ರಾನ್ಸ್‌ಪೋಸ್, ಮೈನಸ್ ಒಂದು. ಅಂದರೆ ಕೀಬೋರ್ಡು ಇರಬೇಕಾದ್ದಕ್ಕಿಂತ ಅರ್ಧ ಸ್ವರ ಕೆಳಗೆ ನುಡಿಯುವಂತೆ ಇಳಿಸಿಟ್ಟದ್ದು. ನನ್ನ ಸ್ವರಕ್ಕೆ ಸರಿಹೊಂದಲೆಂದು: ಎಲ್ಲವೂ ಮೇಲೆ ಕೇಳಿಸುವ ನನ್ನ ಕಿವಿಗೆ ಸರಿಯೆನಿಸುತ್ತಿದ್ದ ಸ್ವರ ಅರ್ಧ ಕೆಳಗಿನದೇ ಆಗಿರುತ್ತಿತ್ತು.

“ಯಾವಾಗಿಂದ?”

“ಕ್ರಿಸ್ಮಸ್‌ದಿಂದ್ರಿ.”

“ಯಾಕ ಹೇಳಲಿಲ್ಲ?”

“ಹೆಂಗ ಹೇಳೂದ್ರಿ ಮಿಸ್? ಮೊದಲ ನಂದ ತಪ್ಪು ಅಂದ್ಕೊಂಡಿದ್ದೆ. ಆಮ್ಯಾಲೆ ಫೋನಿನ್ಯಾಗ ಚೆಕ್ ಮಾಡ್ದೆ.” ಅವಳ ಕಣ್ಣಲ್ಲಿ ನೀರು ತುಂಬಿತ್ತು. “ಎಲ್ಲಾರೂ ನಿಮ್ಮ ಹಿಂದನ ಬರ್ತಾರ್ರಿ, ನಾನೂ ಬರ್ಬೇಕಲ್ರಿ? ಒಂದು ಬಟನ್ ಅಷ್ಟ.”

“ನಾಳಿ ಆ ಮರಾಠಿಯವರು ತಮ್ಮ ಕೀಬೋರ್ಡ್ ತರ್ತಾರ. ಅವರು ಯಾವ ಬಟನ್ ಒತ್ತಬೇಕು?”

ಆ ಸಂಜೆ ಅಥಣಿಯಲ್ಲಿ ತಪ್ಪು ಸ್ವರವೆಂದು ಗೊತ್ತಿದ್ದೇ ಗುನುಗಿದೆ, ಅವಳು ಗೊತ್ತಿದ್ದೇ ಬಂದು ಕೂಡಿದಳು. ನಾಲ್ಕಾರು ಜನ ತಲೆಯೆತ್ತಿ ನೋಡಿದರು. ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ.

ಬೆಳಿಗ್ಗೆ ಚಹಾ ಆದ ಕೂಡಲೇ ಬೆಳಗಾವಿಗೆ ಫೋನ್ ಮಾಡಿದೆ. ಕಾನ್ವೆಂಟಿನಲ್ಲಿ ಒಂದೇ ಪಿಯಾನೋದ ಮುಂದೆ ಸರದಿಗಾಗಿ ನನ್ನೊಡನೆ ಜಡೆ ಎಳೆದಾಡಿದ ಗೆಳತಿ, ಮುಂದೆ ಮ್ಯೂಸಿಕ್ ಟೀಚರ್ ಆಗಿ ರಿಟೈರ್ ಆದವಳು. ಅವಳ ಕಿವಿಯೂ ನನ್ನಂಥದೇ. ನಾನು ಗಂಟೆಯ ವಿಷಯ ಅರ್ಧ ಹೇಳುವಷ್ಟರಲ್ಲಿ ಆ ಕಡೆಯಿಂದ ಒಂದು ದೊಡ್ಡ ನಗು ಬಂತು.

“ಓ ಗಾಡ್, ನಿಂದೂ ಹೋತಾ? ನಂದು ಹೋಗಿ ಆರು ವರ್ಷ ಆತು!”

“ಏನು ಹೋತು?”

“ಕಿವಿ ಬೇ. ಎಲ್ಲಾ ಅರ್ಧ ಸ್ವರ ಮ್ಯಾಲೆ ಕೇಳಸ್ತೈತಿ, ಹೌದಲ್ಲೋ? ನಾ ಏನ್ ಮಾಡಿದ್ದೆ ಗೊತ್ತೇನು? ಪಿಯಾನೋ ಕೆಟ್ಟೈತಿ ಅಂತ ಪುಣೆಯಿಂದ ಟ್ಯೂನರ್‌ನ ಕರಸಿದ್ದೆ. ‘ಮ್ಯಾಡಮ್, ಇಟ್ ಈಸ್ ಪರ್ಫೆಕ್ಟ್’ ಅಂದ. ಬೈದು ಕಳ್ಸಿದೆ. ಎರಡನೇದವನ್ನ ಕರಸಿದೆ, ಅವಂಗೂ ಬೈದೆ. ಮೂರನೇದವ ಫೋನ ಎತ್ತಲಿಲ್ಲ.”

“ಡಾಕ್ಟರಿಗೆ ತೋರಿಸಿದೇನು?”

“ತೋರಸ್ದೆ. ವಯಸ್ಸಾದಂಗ ಕಿವಿ ಒಳಗಿಂದೂ ಬಿರುಸಾಗ್ತೈತ್ರಿ, ಮೊಣಕಾಲಿನಂಗ, ಅಂದ್ರು. ಎಷ್ಟೋ ಮಂದಿಗೆ ಆಗ್ತಿರ್ತೈತಂತ, ಅವರಿಗೆ ತಿಳಿಯೂದಿಲ್ಲ. ನಮ್ಮಂಥ ಕಿವಿಯವರಿಗೆ ತಿಳೀತೈತಿ, ಅಷ್ಟ.”

“ತಲಿಗೆ ಏನೂ ಸಂಬಂಧ ಇಲ್ಲೇನು?” ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಅವಳಿಗೆ ನನ್ನ ತಾಯಿಯ ಕಥೆ ಗೊತ್ತು. “ಇಲ್ಲ, ಹುಡುಗಿ. ತಲಿಗೆ ಏನೂ ಆಗಿಲ್ಲ. ನಿನ್ನ ತಲಿ ಮೊದಲಿಂದನೂ ಹಂಗ ಐತಿ.”

ನಾನು ಅಥಣಿಯಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. ನಗುವೋ ಅಳುವೋ ಬಂದದ್ದು ಬಂತು. ಊರಿಗೆ ಮರಳಿದ ಮೇಲೆ ನಾನೂ ಡಾಕ್ಟರಿಗೆ ತೋರಿಸಿದೆ, ಅವರು ಹೇಳಿದ್ದೂ ಅದನ್ನೇ. ಆದರೆ ನನಗೆ ಉಸಿರು ತಿರುಗಿ ಬಂದದ್ದು ಆ ಕಲ್ಲಿನ ಮೇಲೆ.

“ಹಂಗಾದ್ರ ಇವತ್ತ ನಾ ಅರ್ಧ ಸ್ವರ ಏರಿಸಿ ಕೊಡ್ಲೇನು?” ಎಂದು ಕೊನೆಗೆ ಕೇಳಿದೆ.

“ನಾನೂ ಮಾಡಿ ನೋಡ್ದೆ. ಒಂದಿನ ಅರ್ಧ, ಒಂದಿನ ಇನ್ನೂ ಸ್ವಲ್ಪ ಹೆಚ್ಚು. ನಂಬಾಕ ಬರೂದಿಲ್ಲ. ಬಿಟ್ಟಬಿಡು.”

ಐನಾಪುರದಲ್ಲಿ ಮಕ್ಕಳು ಕಬ್ಬಿನ ಹಾಲಿಗೆಂದು ಗಾಡಿ ನಿಲ್ಲಿಸಿದರು. ಎಲ್ಲರ ಕೈಗೆ ಗ್ಲಾಸು ಬಂದ ಮೇಲೆ, ಗಾಣದ ಗೆಜ್ಜೆಯ ಸದ್ದಿನಲ್ಲಿ, ಗಂಟೆಯಿಂದ ಹಿಡಿದು ಬಟನ್‌ವರೆಗೆ ಎಲ್ಲವನ್ನೂ ಹೇಳಿದೆ. ಇನ್ನು ಮುಂದೆ ಹುಡುಗಿ ಕೀಬೋರ್ಡಿನ ಒಂದು ಕೀ ಒತ್ತಿ, ಅದನ್ನು ಕೇಳಿ ಸ್ವರ ಕೊಡುತ್ತಾಳೆ, ನಾನಲ್ಲ ಎಂದೆ. ಗಾಣದವನು ಕೂಡ ಕಬ್ಬು ಹಾಕುವುದನ್ನು ನಿಲ್ಲಿಸಿದ್ದ.

ಮೊದಲು ಬಾಯಿ ಬಿಟ್ಟವನು ಲೀಡರ್. ಅವನ ಮುಖ ಇಳಿದುಹೋಗಿತ್ತು.

“ಅಂದ್ರ ಮಿಸ್... ಕ್ರಿಸ್ಮಸ್‌ದಿಂದ ನಾವು ಅರ್ಧ ಸ್ವರ ಕೆಳಗ ಹಾಡಾಕತ್ತೀವೇನ್ರಿ?”

“ಹೌದಪಾ.”

“ಹಂಗಾರ ನನ್ನ ಹೈ ನೋಟು?”

ಬೇಸ್‌ನವನು ಕಬ್ಬಿನ ಹಾಲು ನೆತ್ತಿಗೆ ಹತ್ತಿ ಕೆಮ್ಮತೊಡಗಿದ. “ಲೇ, ನೀರ ಕುಡದಂಗ ಬರ್ತೈತಿ ಅಂತಿದ್ದೆಲ್ಲೋ! ಮಿಸ್ ನಳ ಕೆಳಗ ಇಟ್ಟಿದ್ರು, ಅದಕ್ಕ ಕುಡಿದಿ. ಇವತ್ತ ಮ್ಯಾಲೆ ಕಟ್ತಾರ, ಕುಡಿ ನೋಡೂಣು!”

“ಮಿಸ್, ಇದೊಂದು ದಿನ ನೀವ ಕೊಡ್ರಿ,” ಎಂದು ಲೀಡರ್ ಕೈಮುಗಿದ. ಸೊಪ್ರಾನೊ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ಎರಡನೆಯ ಗ್ಲಾಸ್ ಕೇಳಿದೆ. ಶುಗರ್ ಇದೆ, ಕುಡಿಯಬಾರದು. ಕುಡಿದೆ.

ಕಾಗವಾಡದಲ್ಲಿ ಹೊಸ ಛಾವಣಿಯ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಬೆಂಚುಗಳು ತುಂಬಿ, ಜನ ಬಾಗಿಲಲ್ಲೂ ನಿಂತಿದ್ದರು. ಕೊನೆಯ ಕೀರ್ತನೆಗೆ ಎರಡೂ ಕ್ವಾಯರ್ ಎದ್ದು ನಿಂತಾಗ ಮರಾಠಿ ತಂಡದ ಮುಖ್ಯಸ್ಥೆ ನನ್ನ ಕಡೆ ನೋಡಿ ನಕ್ಕು, “ಆಜೀ, ಸೂರ ದ್ಯಾ,” ಎಂದರು. ಅಜ್ಜಿ, ಸ್ವರ ಕೊಡಿ ಎಂದು. ನಾನು ಹುಡುಗಿಯನ್ನು ತೋರಿಸಿ, ಎಡತುದಿಯ ನನ್ನ ಜಾಗ ಬಿಟ್ಟು, ಹೆಂಗಸರ ಕೆಳದನಿಯ ಆಲ್ಟೊ ಸಾಲಿನ ನಡುವೆ ಹೋಗಿ ತೂರಿಕೊಂಡೆ.

ಹುಡುಗಿ ಒಂದು ಕೀಯನ್ನು ಮೆಲ್ಲಗೆ ಒತ್ತಿ, ಕೇಳಿಸಿಕೊಂಡು, ಗುನುಗಿದಳು. ಎಲ್ಲರೂ ಎತ್ತಿಕೊಂಡರು.

ನಾನೂ ಎತ್ತಿಕೊಂಡೆ, ತಪ್ಪಿದೆ. ಕೈಯಲ್ಲಿದ್ದ ಸ್ವರಲಿಪಿಯ ಪುಸ್ತಕದಲ್ಲಿ ಬರೆದದ್ದು ಒಂದು ಸ್ವರ, ನನ್ನ ಕಿವಿಯಲ್ಲಿ ಬೀಳುತ್ತಿದ್ದುದು ಅದರ ಮುಂದಿನದು. ಕಣ್ಣು ಒಂದು ಕಡೆ, ಕಿವಿ ಇನ್ನೊಂದು ಕಡೆ ಎಳೆಯಿತು. ಎರಡನೆಯ ಸಾಲಿನಲ್ಲೂ ತಪ್ಪಿದೆ. ಆಮೇಲೆ ಪುಸ್ತಕ ಮುಚ್ಚಿಬಿಟ್ಟೆ. ನನ್ನ ಬಲಕ್ಕೆ ಗಡಿಯಾಚೆಯ ಒಬ್ಬ ದಪ್ಪ ಹೆಂಗಸು ನಿಂತು ಮರಾಠಿಯಲ್ಲಿ ಗಟ್ಟಿಯಾಗಿ ಹಾಡುತ್ತಿದ್ದರು. ಅವರು ಏರಿದಾಗ ಏರಿದೆ, ಇಳಿದಾಗ ಇಳಿದೆ. ಯಾವ ಸ್ವರವೆಂದು ಹೆಸರು ಹಚ್ಚುವ ಗೋಜಿಗೆ ಹೋಗಲಿಲ್ಲ. ಹೀಗೆ ಪಕ್ಕದವರನ್ನು ಹಿಡಿದುಕೊಂಡು ಹಾಡುವುದು ಎಷ್ಟು ಸುಲಭ ಎಂದು ನನ್ನ ಕ್ವಾಯರ್ ಮಕ್ಕಳಲ್ಲಿ ಒಬ್ಬರೂ ಇಷ್ಟು ವರ್ಷ ನನಗೆ ಹೇಳಿರಲಿಲ್ಲ.

ಎರಡನೆಯ ಚರಣಕ್ಕೆ ಎರಡೂ ಕೀಬೋರ್ಡುಗಳು ಬಂದು ಕೂಡಿದವು. ಲೀಡರ್‌ನ ಹೈ ನೋಟು ಅರ್ಧ ದಾರಿಯಲ್ಲಿ ಒಡೆಯಿತು, ಬೇಸ್‌ನವನ ಭುಜ ಕುಣಿಯಿತು. ಮೂರನೆಯ ಚರಣದಲ್ಲಿ ಮತ್ತೆ ಎಲ್ಲೋ ನಾನೇ ತಪ್ಪಿದೆ. ದಪ್ಪ ಹೆಂಗಸು ನನ್ನ ಕಡೆ ತಿರುಗಲೇ ಇಲ್ಲ, ಹಾಡುತ್ತಲೇ ಇದ್ದರು. ಅವರ ಮೊಣಕೈ ನನ್ನ ಮೊಣಕೈಗೆ ತಾಗಿತ್ತು. ನಾನು ಒಂದು ಉಸಿರು ಬಿಟ್ಟು, ಮುಂದಿನ ಸಾಲಿಗೆ ಅವರ ಜೊತೆ ಸೇರಿಕೊಂಡೆ.