ಮೊಳೆ ಹೊಡೆಯದ ಮನೆ

ಊರಲ್ಲಿ ಎಲ್ಲರೂ ಅವಳನ್ನು ಬಡಗಿ ಅಕ್ಕ ಎನ್ನುತ್ತಿದ್ದರು. ಉಳಿ, ಸುತ್ತಿಗೆ ಅಪ್ಪನಿಂದ ಬಂದದ್ದು; ಮೂಗಿನ ತುದಿಯ ಸಿಟ್ಟೂ ಅಪ್ಪನಿಂದಲೇ. ಕೆಲಸಕ್ಕೇನೂ ಬರವಿರಲಿಲ್ಲ. ಕೆರೆ ದಂಡೆಯ ಉದ್ದಕ್ಕೂ ಪಟ್ಟಣದವರ ರಜೆಯ ಮನೆಗಳು ಎದ್ದಿದ್ದವು, ಅರ್ಧಕ್ಕರ್ಧ ಮನೆಗಳ ಬಾಗಿಲು ಕೂರಿಸಿದವಳು ಇವಳೇ. ವಾರದಲ್ಲಿ ಐದು ದಿನ ಬೀಗ ಜಡಿದಿರುವ ಬಾಗಿಲುಗಳು! ಆ ಮನೆಗಳು ಬಂದದ್ದೇ ಬಂದದ್ದು, ಊರೊಳಗಿನ ಬಾಡಿಗೆ ಏರಿತು. ಸೈಟಿನ ಬೆಲೆಯಂತೂ ಕೇಳುವ ಹಾಗೇ ಇರಲಿಲ್ಲ. ಒಂದು ಸೈಟಿಗೆಂದು ಅವಳು ಹತ್ತು ವರ್ಷ ಕೂಡಿಟ್ಟಿದ್ದು ಹತ್ತನೇ ವರ್ಷ ಅರ್ಧ ಸೈಟಿಗೂ ಸಾಲಲಿಲ್ಲ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವಳಿಗೆ ತನ್ನದೆನ್ನುವ ಒಂದು ಹೊಸಿಲಿಲ್ಲ. ಇದು ಯಾವ ಸೀಮೆಯ ನ್ಯಾಯ, ನೀವೇ ಹೇಳಿ!

ಸಾಲದ್ದಕ್ಕೆ ಅವಳಿಗೊಂದು ಚಾಳಿ. ಓರೆಯಾದ ಬಾಗಿಲು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಬಾಡಿಗೆ ಮನೆ ಎನ್ನುವುದನ್ನೂ ಮರೆತು ಗೆದ್ದಲು ತಿಂದ ಕಿಟಕಿ ಕಿತ್ತು ಹೊಸದು ಕೂರಿಸುವಳು, ಅಡುಗೆಮನೆಗೆ ಗೋಡೆಯುದ್ದ ಕಪಾಟು ಮಾಡುವಳು. ಅದೂ ಉದ್ದುದ್ದ ಮೊಳೆ ಹೊಡೆದು, ಅಂಟು ಹಾಕಿ, ಜಪ್ಪಯ್ಯ ಅಂದರೂ ಅಲುಗಾಡದ ಹಾಗೆ. ವರ್ಷ ತುಂಬುವುದರೊಳಗೆ ಮಾಲೀಕ ಬಂದು ಸುತ್ತ ಕಣ್ಣಾಡಿಸಿ ಹಲ್ಲು ಕಿರಿಯುವನು. "ಮನೆ ಈಗ ತುಂಬಾ ಚೆನ್ನಾಗಾಗಿದೆಯಲ್ಲಮ್ಮಾ, ಈ ಬಾಡಿಗೆಗೆ ಹೇಗೆ ಕೊಡೋದು?" ಹೀಗೆ ಮೂರು ಮನೆ. ಮೂರರಿಂದಲೂ ಅವಳನ್ನು ಹೊರಗೆ ಹಾಕಿದ್ದು ಅವಳ ಕೈಕೆಲಸವೇ.

ನಾಲ್ಕನೆಯದು ಗೊಬ್ಬರದಂಗಡಿ ಯಜಮಾನನದು. ಮುಂಬಾಗಿಲ ಕೆಳಗೆ ಬೆಕ್ಕು ನುಗ್ಗುವಷ್ಟು ಸಂದು. ಕಿಟಕಿಗಳು ಮುಚ್ಚಿದರೆ ತೆರೆಯವು, ತೆರೆದರೆ ಮುಚ್ಚವು. ಮಗಳು ಒಂಬತ್ತನೇ ಕ್ಲಾಸು ಮುಗಿಸಿದ್ದಳು. ಪಾತ್ರೆ ಚೀಲ ಇಳಿಸುತ್ತಾ ಹೇಳಿಯೇಬಿಟ್ಟಳು, "ಅಮ್ಮಾ, ಇಲ್ಲಿ ಏನೂ ಸರಿ ಮಾಡ್ಬೇಡ. ಸರಿ ಮಾಡಿದ್ರೆ ಓಡಿಸ್ತಾರೆ."

ತಾಯಿ ಹೊತ್ತಿದ್ದ ಗಂಟನ್ನು ದೊಪ್ಪನೆ ಇಳಿಸಿದಳು. "ಯಾಕೆ ಮಾಡ್ಬಾರ್ದು? ನಾವೇನು ಬಿಲದಲ್ಲಿರೋಕೆ ಹುಟ್ಟಿದೀವಾ? ಮಾಡೇ ಮಾಡ್ತೀನಿ. ಆದ್ರೆ ಈ ಸಲ ಒಂದು ಮೊಳೆನೂ ಹೊಡೆಯಲ್ಲ, ನೋಡ್ತಿರು."

ಹೊಸ ಬಾಗಿಲು, ಕಿಟಕಿ, ಕಪಾಟು, ಮಗಳಿಗೆ ಗೋಡೆಗಂಟಿದ ಓದುವ ಮೇಜು, ಎಲ್ಲವೂ ಬರೀ ಸ್ಕ್ರೂಗಳ ಮೇಲೆ ನಿಂತವು. ಕಿತ್ತ ಹಳೆಯದನ್ನು ಬಿಸಾಡಲಿಲ್ಲ. ಒಂದೊಂದರ ಬೆನ್ನಿಗೂ ಪೆನ್ಸಿಲ್ಲಿನಲ್ಲಿ ಅದರ ಜಾಗ ಬರೆದು, ಹಿತ್ತಿಲ ಶೆಡ್ಡಿನಲ್ಲಿ ಜೋಪಾನವಾಗಿ ಜೋಡಿಸಿಟ್ಟಳು.

ಹನ್ನೊಂದನೇ ತಿಂಗಳು, ಒಂದು ಭಾನುವಾರ ಬೆಳಿಗ್ಗೆ ಯಜಮಾನ ಬಂದ. ಹಿಂದೆಯೇ ಕಾರಿನಿಂದ ಪಟ್ಟಣದ ಗಂಡ ಹೆಂಡತಿ ಇಳಿದರು. ಮಗಳ ಹತ್ತನೇ ಕ್ಲಾಸಿನ ಪರೀಕ್ಷೆಗೆ ಆರೇ ವಾರ ಉಳಿದಿತ್ತು.

"ಇವ್ರು ಎರಡರಷ್ಟು ಕೊಡ್ತಾರಂತೆ ಕಣಮ್ಮಾ," ಎಂದ ಯಜಮಾನ. "ನೀನೂ ಅಷ್ಟು ಕೊಟ್ರೆ ಇರು. ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ ಮಾಡು."

"ಮಗಳ ಪರೀಕ್ಷೆ ಇದೆ ಸಾರ್."

"ಅದಕ್ಕೆ ನಾನೇನು ಮಾಡ್ಲಿ?"

"ನೀವೇನೂ ಮಾಡ್ಬೇಡಿ ಸಾರ್, ನಾನೇ ಮಾಡ್ತೀನಿ," ಎಂದವಳೇ ಒಳಗಿನಿಂದ ಸ್ಕ್ರೂಡ್ರೈವರ್ ತಂದು ಮುಂಬಾಗಿಲಿಗೆ ಕೈ ಹಾಕಿದಳು. ಬಾಗಿಲು ಕಳಚಿತು. ತಾಯಿ ಮಗಳು ಸೇರಿ ಶೆಡ್ಡಿನಿಂದ ಹಳೇ ಬಾಗಿಲು ಹೊತ್ತು ತಂದು ಅದೇ ಜಾಗಕ್ಕೆ ನಿಲ್ಲಿಸಿದರು. ಆಮೇಲೆ ಕಿಟಕಿಗಳು. ಕಪಾಟು, ಮಗಳ ಓದುವ ಮೇಜೂ ಗೋಡೆ ಬಿಟ್ಟು ಶೆಡ್ಡು ಸೇರಿದವು. ಬೀದಿಯ ಬೆಕ್ಕೊಂದು ಹಳೇ ನೆನಪಿಗೆ ಸಂದಿನಲ್ಲಿ ನುಸುಳಿ ಒಳಗೆ ಹೋಯಿತು.

"ಏಯ್, ಮನೆ ಹಾಳ್ಮಾಡ್ತಿದೀಯಾ? ಪೊಲೀಸ್ನೋರನ್ನ ಕರೀತೀನಿ!"

"ಕರೀರಿ ಸಾರ್. ನಿಮ್ಮ ಬಾಗಿಲನ್ನ ನಿಮ್ಮ ಮನೆಗೇ ಹಾಕ್ತಿದೀನಿ. ಒಂದು ತುಂಡೂ ಕಡಿಮೆ ಇಲ್ಲ, ಎಣಿಸ್ಕೊಳ್ಳಿ. ನೀವು ಬಾಡಿಗೆಗೆ ಕೊಟ್ಟಿದ್ದು ಇದನ್ನೇ ತಾನೇ? ಇದಕ್ಕೆ ಎಷ್ಟು ಬೇಕಾದ್ರೂ ತಗೊಳ್ಳಿ. ನಾನು ಮಾಡಿದ್ದು ನನ್ನ ಜೊತೆ ಬರುತ್ತೆ."

"ಫೋಟೋದಲ್ಲಿ ಬೇರೆ ಥರ ಇತ್ತಲ್ರೀ," ಎಂದು ಪಟ್ಟಣದ ಗಂಡ ಗೊಣಗಿದ. ಹೆಂಡತಿ ಆಗಲೇ ಕಾರಿನಲ್ಲಿ ಕೂತಾಗಿತ್ತು.

ಮೂರು ವಾರ ಆ ಮುರುಕು ಬಾಗಿಲ ಹಿಂದೆಯೇ ಕಳೆದರು. ಅವಳಿಗೆ ಭಯವಿರಲಿಲ್ಲವೇ? ಇತ್ತು, ಎದೆ ತುಂಬ ಇತ್ತು. ಊರೆಲ್ಲ ತಿರುಗಿದರೂ ಅವಳ ಕೈಗೆಟಕುವ ಮನೆ ಒಂದೂ ಸಿಗಲಿಲ್ಲ. ಮಗಳು ಪುಸ್ತಕವನ್ನು ತೊಡೆಯ ಮೇಲಿಟ್ಟು ಓದುವುದನ್ನು ಕಂಡಾಗೆಲ್ಲ ಅವಳ ಕಣ್ಣು ಶೆಡ್ಡಿನ ಕಡೆ ಹೋಗುತ್ತಿತ್ತು. ಆದರೂ ಹೊಸ ಬಾಗಿಲನ್ನು ಮುಟ್ಟಲಿಲ್ಲ. ಇನ್ನೂ ಮೂರು ಸಂಸಾರ ಮನೆ ನೋಡಲು ಬಂದವು. ಮೂರೂ ಸಂದು ನೋಡಿ, ಬೆಕ್ಕು ನೋಡಿ, ಬಂದ ದಾರಿ ಹಿಡಿದವು.

ತಿಂಗಳ ಕೊನೆಗೆ ಯಜಮಾನ ಒಬ್ಬನೇ ಬಂದ. ಮುಖ ಇಷ್ಟು ದಪ್ಪ ಊದಿಸಿಕೊಂಡಿದ್ದ. "ಹಳೇ ಬಾಡಿಗೇನೇ ಕೊಡು. ಆ ಬಾಗಿಲು ಹಾಕು ತಾಯಿ."

"ಬಾಯಿಮಾತು ಬೇಡ ಸಾರ್. ಮೂರು ವರ್ಷಕ್ಕೆ ಪತ್ರ ಬರ್ಕೊಡಿ, ಇದೇ ಬಾಡಿಗೆ. ಸಹಿ ಬಿದ್ಮೇಲೆ ಬಾಗಿಲು."

ಯಜಮಾನ ಹಾರಾಡಿದ, ಕೂಗಾಡಿದ. ಇವಳು ಕ್ಯಾರೇ ಅನ್ನಲಿಲ್ಲ. ಕೊನೆಗೆ ಮಗಳ ಪರೀಕ್ಷೆಯ ಪೆನ್ನಿನಲ್ಲೇ ಸಹಿ ಹಾಕಿದ.

ಅವನ ಕಣ್ಣೆದುರೇ ಬಾಗಿಲು ಏರಿತು. ಮಗಳು ಸ್ಕ್ರೂ ಡಬ್ಬಿ ಹಿಡಿದು ನಿಂತಿದ್ದಳು. "ಪತ್ರ ಆಯ್ತಲ್ಲಮ್ಮಾ. ಇನ್ನು ಮೊಳೆ ಹೊಡೀಬಹುದಲ್ವಾ?"

"ಮೊಳೆ ನಮ್ಮ ಮನೇಲಿ ಹೊಡೆಯೋಣ ಪುಟ್ಟೀ," ಎಂದಳು ಬಡಗಿ ಅಕ್ಕ, ಯಜಮಾನನಿಗೂ ಕೇಳುವಷ್ಟು ಗಟ್ಟಿಯಾಗಿ. "ಇದು ಸಾಹುಕಾರ್ರ ಮನೆ. ಸ್ಕ್ರೂ ಕೊಡು."