ಗ್ರನಾಡಾದಲ್ಲಿ ಕೊಂಡ ಗಿಟಾರ್

ಕುವೈತ್ ವಿಮಾನ ನಿಲ್ದಾಣದ ಕಸ್ಟಮ್ಸ್ ಸಾಲಿನಲ್ಲಿ ನಿಂತಿದ್ದೆವು. ಸ್ಪೇನಿನ ಗ್ರನಾಡಾದಲ್ಲಿ ಕೊಂಡ ಗಿಟಾರಿನ ಪೆಟ್ಟಿಗೆಗೆ ಮಗಳು ಅನಘಾಳ ಕಾಲು ತಾಗಿತು. ಅವಳು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಧಾರವಾಡದ ಮನೆಯಲ್ಲಿ ತಂಬೂರಿಗೆ ಕಾಲು ತಾಗಿದರೆ ನಾವು ಹೀಗೆ ಮಾಡುತ್ತಿದ್ದೆವು. ಕುವೈತಿನ ಅಹ್ಮದಿಯಲ್ಲಿ ಬೆಳೆದ ಇವಳಿಗೆ ಅದೇನೂ ದಾಟಿ ಬರಲಿಲ್ಲ ಎಂಬ ಕೊರಗು ನನಗಿತ್ತು. ಆದರೆ ಇಂಥದ್ದನ್ನು ನಂಬದ ನಾನು ಕಲಿಸಿಯೂ ಇರಲಿಲ್ಲ.

"ಯಾರು ಕಲಿಸಿದ್ರವಾ ನಿನಗ?" ಎಂದೆ.

"ನೀವೇ ಅಪ್ಪಾ. ಗ್ರನಾಡಾದಾಗ ಆ ಕಂಪೋಸರ್ ಮನ್ಯಾಗ ಪಿಯಾನೋಗೆ ನಿಮ್ಮ ಶೂ ತಾಗಿದಾಗ ನೀವು ಹಿಂಗ ಮಾಡಿದ್ರಲ್ಲ. ಡೋಂಟ್ ಯು ರಿಮೆಂಬರ್?"

ಈಗ ಮ್ಯೂಸಿಯಂ ಆಗಿರುವ ಆ ಸಂಗೀತಗಾರನ ಬಿಳಿ ಮನೆ ನೆನಪಿದೆ, ಪಿಯಾನೋ ನೆನಪಿದೆ. ನಾನು ಬಗ್ಗಿದ್ದು ಮಾತ್ರ ನೆನಪಿಲ್ಲ.

ನೋಡುತ್ತಿದ್ದ ಅಧಿಕಾರಿ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟು, ತೆರೆದು ನೋಡಿ, "ಖಲಾಸ್, ಯಲ್ಲಾ" ಎಂದ, ಆಯಿತು ಹೊರಡಿ ಎನ್ನುವಂತೆ. ಅವನೇನೂ ಕೇಳಿರಲಿಲ್ಲ. ಆದರೂ ಅನಘಾಳ ಹೆಗಲ ಮೇಲೆ ಕೈಯಿಟ್ಟು "ನನ್ನ ಮಗಳು" ಎಂದೆ.